ಹಾಲಿನ ಲೆಕ್ಕ

ಅಡುಗೆಮನೆ ಬಾಗಿಲ ಹಿಂದಿನ ಗೋಡೆಯಲ್ಲಿ,
ಚಿಲಕದಿಂದ ಒಂದು ಗೇಣು ಕೆಳಗೆ, ಗೀಟುಗಳು.
ಮೊದಲು ಇದ್ದಿಲು, ಗ್ಯಾಸು ಬಂದ ಮೇಲೆ
ದಾರ ಕಟ್ಟಿ ತೂಗುಹಾಕಿದ ನನ್ನ ಪೆನ್ಸಿಲ್ ತುಂಡು.
ಅಕ್ಷರ ಕಲಿಯದ ಮುತ್ತಜ್ಜಿ ಹಾಲಮ್ಮ
ಈ ಜನ್ಮದಲ್ಲಿ ಬರೆದದ್ದು ಅಷ್ಟೇ.

ನೆಟ್ಟಗಿನ ಗೀಟು ಅಂದರೆ ಅರ್ಧ ಲೀಟರು.
ಮೇಲೊಂದು ಅಡ್ಡಗೀಟು ಬಿದ್ದರೆ ನೆಂಟರು ಬಂದಿದ್ದರು.
ಸೊನ್ನೆ ಅಂದರೆ ಗಿಣ್ಣು ಕೊಟ್ಟು ಹೋಗಿದ್ದಾನೆ,
ಗಿಣ್ಣಿಗೆ ದುಡ್ಡಿಲ್ಲ.

"ಹೆಸರಲ್ಲೇ ಹಾಲೈತಲ್ಲಮ್ಮಾ, ನಮ್ಮ ಹತ್ರ ಯಾಕೆ ಕೊಳ್ತೀರಿ?"
ನಲವತ್ತು ವರ್ಷ ಪರಸೋಜಿಯದು ಅದೇ ಮಾತು.
"ನಿನ್ನ ಹಾಲಲ್ಲಿ ನೀರೈತೆ, ನನ್ನ ಹೆಸರಲ್ಲಿಲ್ಲ."
ನಲವತ್ತು ವರ್ಷ ಇವಳದೂ ಅದೇ ಉತ್ತರ.
ಇಬ್ಬರೂ ಹೊಸದಾಗಿ ನಗುತ್ತಿದ್ದರು.

ಹೊನ್ನಾಳಿ ಕಡೆಯ ಜೋಳದ ಹೊಲದಿಂದ
ಭದ್ರಾವತಿಗೆ ಬಂದಾಗ ಹದಿನಾಲ್ಕೋ ಹದಿನೈದೋ.
ವಯಸ್ಸು ಕೇಳಿದರೆ, "ಪ್ಲೇಗಿಗೆ ಊರು ಬಿಟ್ಟು
ಗುಡಿಸಲು ಹಾಕಿದಾಗ ನಾನು ಅವ್ವನ ಹೊಟ್ಟೇಲಿದ್ದೆ,
ನೀನೇ ಕೂಡಿಸ್ಕೋ" ಅನ್ನುವಳು.
ಮೊದಲ ರಾತ್ರಿ ಕಾರ್ಖಾನೆಯ ಕೂಗು ಕೇಳಿ
ಯಾವುದೋ ದೊಡ್ಡ ಪ್ರಾಣಿಯೆಂದು
ಒನಕೆ ಹಿಡಿದು ಬಾಗಿಲಲ್ಲಿ ನಿಂತಳಂತೆ.
ಆಮೇಲೆ ಅದೇ ಕೂಗಿಗೆ ಎದ್ದಳು, ಅದೇ ಕೂಗಿಗೆ ರೊಟ್ಟಿ ತಟ್ಟಿದಳು:
ಬೆಳಗಿನ ಪಾಳಿಗೆ ಗಂಡನಿಗೆ,
ಮಧ್ಯಾಹ್ನದ ಪಾಳಿಗೆ ಮೈದುನನಿಗೆ,
ರಾತ್ರಿ ಪಾಳಿಗೆ, ಮೀಸೆ ಮೂಡಿದ ವರ್ಷದಿಂದ, ಹಿರಿಮಗನಿಗೆ.
ಅಲ್ಲಿ ಕುಲುಮೆ ಕಾಯಲು ಮೂರು ಪಾಳಿ ಜನ.
ಇಲ್ಲಿ ಒಲೆ ಕಾಯಲು ಪಾಳಿ ಬದಲಾಗಲಿಲ್ಲ.

ಅವರ ಬೂಟಿನಿಂದ ಉದುರಿದ ಕರಿಹುಡಿ
ಎಷ್ಟು ಗುಡಿಸಿದರೂ ಅಂಗಳದಲ್ಲಿ ಉಳಿಯುತ್ತಿತ್ತು.
ನಾನು ಅಯಸ್ಕಾಂತ ಎಳೆದರೆ ಅದಕ್ಕೆ ಮೀಸೆ ಬರುತ್ತಿತ್ತು.
"ನೋಡು, ನಿಮ್ಮ ಮುತ್ತಾತ" ಅನ್ನುವಳು.

ದೇವತೆಯಲ್ಲ ಅವಳು. ಚೌಕಾಬಾರದಲ್ಲಿ
ಮಂಡಿಯ ಕೆಳಗೆ ಕವಡೆ ಉರುಳಿಸಿ ಮೋಸ ಮಾಡುವಳು.
ಎರಡನೇ ಸೊಸೆಯ ಸಾರನ್ನು ಸಾಯುವವರೆಗೂ ಒಪ್ಪಲಿಲ್ಲ.
ಬಾಳೆಹಣ್ಣು ಬಚ್ಚಿಟ್ಟು ಕರಿದಾಗಿಸಿ ಹಂಚುವಳು.

ಹೆತ್ತದ್ದು ಏಳು, ಉಳಿದದ್ದು ಐದು.
ಆ ಇಬ್ಬರ ಹೆಸರೇನಜ್ಜಿ ಎಂದು ಒಮ್ಮೆ ಕೇಳಿದೆ.
"ಹಾಲು ಉಕ್ಕುತ್ತೆ ನೋಡು, ಓಡು" ಅಂದಳು.
ಒಲೆಯ ಮೇಲೆ ಹಾಲಿರಲಿಲ್ಲ.

ಕಾರ್ಖಾನೆಯ ಕೂಗು ನಿಂತಾಗ
ಊರು ಬಾವುಟ ಹಿಡಿದು ಗೇಟಿಗೆ ಹೋಯಿತು.
ಇವಳು ಮೂರು ದಿನ ಹೊತ್ತು ತಿಳಿಯದೆ
ಅನ್ನ ಮುದ್ದೆ ಮಾಡಿದಳು.
ನಾಲ್ಕನೆಯ ದಿನ, "ಪರಸೋಜಿ ಸೈಕಲ್ಲು ಬಂತು, ಆರಾಯ್ತು" ಅಂದಳು.
ಅಲ್ಲಿಂದ ಅವನೇ ಗಡಿಯಾರ.

ಮಾರ್ಗಶಿರದಲ್ಲಿ ಹೋದಳು. ರಾತ್ರಿ ಉಂಡು, ತಟ್ಟೆ ತೊಳೆದು.
ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ ಕೂರಿಸಿದಾಗ
ಯಾರನ್ನೋ ಕಾಯುತ್ತಿರುವವಳಂತೆ ಇದ್ದಳು.
ಮೂರನೇ ದಿನ ಹಾಲುತುಪ್ಪಕ್ಕೆ
ಕೇಳದೆಯೇ ಒಂದು ಕ್ಯಾನು ತಂದಿಟ್ಟ ಪರಸೋಜಿ;
ಸಂಜೆ, ಎಲ್ಲ ಮುಗಿದ ಮೇಲೆ,
ತಿಂಗಳ ಲೆಕ್ಕಕ್ಕೆ ನಾನು ಬಾಗಿಲು ಸರಿಸಿ ಎಣಿಸಿದೆ.
ಹತ್ತೊಂಬತ್ತು.
"ಹದಿನೆಂಟು" ಅಂದ ಅವನು.
"ಜ್ವರ ಬಂದು ಒಂದಿನ ನಾನು ಬಂದಿರಲಿಲ್ಲ."

ಅವಳ ಲೆಕ್ಕ ತಪ್ಪಿದ್ದನ್ನು ಕಂಡವರಿಲ್ಲ ಈ ಮನೆಯಲ್ಲಿ.
ಕೊನೆಯ ಗೀಟು ಸ್ವಲ್ಪ ವಾಲಿತ್ತು, ತೆಳುವಾಗಿತ್ತು.
ಅವನು ಬಾರದ ಬೆಳಗ್ಗೆಯೂ ಎಳೆದಳೋ,
ನಾಳೆಯದನ್ನು ಇವತ್ತೇ ಎಳೆದಿಟ್ಟಳೋ.

ಹತ್ತೊಂಬತ್ತಕ್ಕೇ ದುಡ್ಡು ಕೊಟ್ಟೆವು.
ಪರಸೋಜಿ ಎಣಿಸಿದ, ಅರ್ಧ ಲೀಟರಿನದ್ದನ್ನು ತೆಗೆದು
ಕಿಟಕಿ ಕಟ್ಟೆಯ ಮೇಲಿಟ್ಟು ಹೋದ.
ಅಮ್ಮ ದಿನಾ ಧೂಳು ಒರೆಸುತ್ತಾಳೆ,
ಆ ನಾಣ್ಯಗಳನ್ನು ಎತ್ತಿ, ಒರೆಸಿ,
ಮತ್ತೆ ಅಲ್ಲೇ ಇಡುತ್ತಾಳೆ.