ಜೊತೆ ಸಿಗದೆ ಉಳಿದದ್ದು

ಕೆರಗೋಡಿನ ಆಚೆ, ನಾಲೆ ಏರಿಯ ಕೆಳಗೆ
ಸೋದರಮಾವನ ಆಲೆಮನೆ. ರಾತ್ರಿ ಎರಡು ಗಂಟೆ.
ಒಲೆಬಾಯಿಗೆ ಸಿಪ್ಪೆ ತುರುಕುತ್ತಾ ಕಾಳಮರಿ ಕೇಳಿದ:
‘ಕಾಲೇಜಲ್ಲಿ ಏನವ್ವ ಯೋಳ್ಕೊಡದು ನೀನು?’

ನಾಳೆಯ ಪಾಠ ಬಾಯಲ್ಲೇ ಇತ್ತು.
ಕಪ್ಪು ದ್ರವ್ಯ, ಅಂದೆ. ಕಾಣುವುದಿಲ್ಲ, ತೂಗುತ್ತದೆ.
ಆರು ಪಾಲಿನಲ್ಲಿ ಐದು ಪಾಲು ಅದೇ.

‘ಆರಚ್ಚಲ್ಲಿ ಐದಚ್ಚು ಕಾಣಕ್ಕಿಲ್ಲ ಅಂದ್ರೆ
ಮಂಡಿ ಸಾವ್ಕಾರ ಕಾಸು ಕೊಟ್ಟಾನ?’
ತೂಗಿ ನೋಡಿದರೆ ಕೊಡುತ್ತಾನೆ, ಅಂದೆ.
ನಕ್ಕ. ಬೆಂಡೆಯ ಲೋಳೆ ಹುಯ್ದ. ಮಡ್ಡಿ ಮೇಲೆದ್ದು ಬಂತು.

ಮೊದಮೊದಲು ಎಲ್ಲವೂ ಹೀಗೇ ಕುದಿಯುತ್ತಿತ್ತು,
ಒಲೆ ಇರಲಿಲ್ಲ, ಕೊಪ್ಪರಿಗೆಗೆ ಅಂಚಿರಲಿಲ್ಲ.
ಆ ಕುದಿಯಲ್ಲಿ ಕಣಕ್ಕೆ ಎದುರುಕಣ ಸಿಕ್ಕಿ
ಎರಡೂ ಇಲ್ಲವಾಗಿ ಬೆಳಕು;
ಬೆಳಕಿಗೆ ಬೆಳಕು ಢಿಕ್ಕಿ ಹೊಡೆದು ಮತ್ತೆ ಎರಡು ಕಣ.
ಹುಟ್ಟಿದ್ದಕ್ಕೂ ಸತ್ತದ್ದಕ್ಕೂ ಲೆಕ್ಕ ಸರಿಯಾಗಿತ್ತು.

ಆಮೇಲೆ ಜಾಗ ಹಿಗ್ಗಿತು. ಶಾಖ ಇಳಿಯಿತು.
ಹೊಸದನ್ನು ಹೆರುವ ಕಸುವು ಬೆಳಕಿಗೆ ಉಳಿಯಲಿಲ್ಲ.
ಇದ್ದವು ಒಂದನ್ನೊಂದು ಹುಡುಕಿದವು—
ಹುಡುಕಿದವು ಅನ್ನುವುದು ತಪ್ಪು,
ಪರೀಕ್ಷೆಯಲ್ಲಿ ಬರೆದರೆ ಅಂಕ ಕಳೆಯುತ್ತೇನೆ—
ಸುಮ್ಮನೆ ಹೋಗುತ್ತಿದ್ದವು, ಎದುರಿಗೆ ಯಾರೂ ಬರಲಿಲ್ಲ.
ಜೊತೆ ಸಿಗದೆ ಉಳಿದದ್ದು ಉಳಿದೇ ಹೋಯಿತು.
ಇವತ್ತಿಗೂ ಇದೆ. ಈ ಒಲೆಯೊಳಗೆ, ನಿನ್ನ ಪಕ್ಕೆಯೊಳಗೆ
ಹಾಯುತ್ತಿದೆ, ಬಿಸಿ ತಾಗದೆ.

ಕಾಳಮರಿ ಸಂಜೆಯ ಅಚ್ಚೊಂದನ್ನು ಮುರಿದ.
ಒಳಗೆ ಸಾಸಿವೆಯಷ್ಟು ತೂತುಗಳು.
‘ಉರಿ ಇರಗಂಟ ಗುಳ್ಳೆಗೆ ಗುಳ್ಳೆ ಸೇರಿ ಒಡ್ದೋಯ್ತವೆ.
ಉರಿ ಎಳ್ದಾಗ ಒಂಟಿಯಾಗಿದ್ದವು ಇಂಗೆ ಕುಂತ್ಕತವೆ. ಅಂಗಾ?’

ಹಾಗೇ. ಹಾಗಲ್ಲ ಕೂಡ: ನಿನ್ನ ತೂತಿಗೆ ತೂಕವಿಲ್ಲ,
ಅದರ ತೂಕಕ್ಕೇ ಚುಕ್ಕಿಗಳೆಲ್ಲ ಚದುರದೆ ನಿಂತಿರುವುದು.
‘ಕಂಡೋರು ಯಾರು?’
ಯಾರೂ ಇಲ್ಲ. ಹೀಗೆ ಆಗಿರಬಹುದು, ಅಂತ.
‘ಬೋದು!’ ಅವನು ಸಿಪ್ಪೆಯ ರಾಶಿಗೆ ಹೇಳಿದ,
‘ಬೋದು ಅನ್ನಕ್ಕೆ ಸಂಬಳ ಕೊಡ್ತಾರೆ.’

ಮೂರೂವರೆ. ನೊರೆ ಹಳದಿಗೆ ತಿರುಗಿ
ದಪ್ಪಗೆ ಉಸಿರಾಡತೊಡಗಿತು.
ಸೌಟಿನ ತುದಿಯಿಂದ ಒಂದು ಹನಿ
ತಣ್ಣೀರಿನ ತಟ್ಟೆಗೆ ಬಿಟ್ಟ, ಬೆರಳಲ್ಲಿ ಉರುಳಿಸಿದ,
ಬಲ್ಬಿಗೆ ಹಿಡಿದು ನೋಡಿದ, ಮತ್ತೆ ಉರುಳಿಸಿದ.
ನಲವತ್ತು ಸುಗ್ಗಿ ಕಂಡ ಬೆರಳು.

ಗಾಣದ ಕಡೆಯಿಂದ ಮಾವ ಕೂಗಿದ: ಬಂತಾ ಪಾಕ?

ಕಾಳಮರಿ ನನ್ನತ್ತ ನೋಡಲಿಲ್ಲ.
‘ಬಂದಿರ್ಬೋದು,’ ಅಂದ.
ಉರಿ ಎಳೆದರು.