ಮೂರೂವರೆ ಗೀಟು

ಅಮೀನ ಬಂದಾಗ ಮಧ್ಯಾಹ್ನ ಮೂರು.
ನಲವತ್ತನೇ ಪ್ಯಾಂಟಿಗೆ ಜಿಪ್ಪು ಕೂಡಿಸುತ್ತಿದ್ದೆ.
ಅಂಟು ತಂದಿರಲಿಲ್ಲ ಪುಣ್ಯಾತ್ಮ.
ನನ್ನ ಒಲೆಯ ಗಂಜಿಯನ್ನೇ ಎರಡು ಬೆರಳಲ್ಲಿ ಎತ್ತಿ
ನನ್ನ ಬಾಗಿಲಿಗೇ ಬಳಿದು
ಕಾಗದ ಒತ್ತಿದ.
"ಸೈನ್ ಮಾಡಮ್ಮ" ಅಂದ.
ಮಾಡಿದೆ.

ಓದಹೋದೆ. ತೆಲುಗು.
ನಮ್ಮ ಅಕ್ಷರಗಳೇ, ದಾಯಾದಿಗಳ ಹಾಗೆ ಅದೇ ಮುಖ;
ತಲೆಕಟ್ಟು ಮಾತ್ರ ಬೇರೆ.
ನಮ್ಮದು ಅಡ್ಡ ಮಲಗಿ ತುದಿಯಲ್ಲಿ ಚೂರು ಕೊಂಕುತ್ತದೆ,
ಅವರದು ಟೀಚರು ಲೆಕ್ಕ ತಿದ್ದುವಾಗ ಹಾಕುವ
ರೈಟು ಗುರುತು.
ನನ್ನನ್ನು ಒಂದು ಮಾತೂ ಕೇಳದೆ ಯಾರೋ
ಎಲ್ಲ ಸರಿ, ಇದೂ ಸರಿ, ಅದೂ ಸರಿ ಎಂದು
ಅಕ್ಷರಕ್ಕೊಂದು ಗೀಚಿ ಕಳಿಸಿದಂತಿತ್ತು.

ಸಂಜೆ ಮಗಳು ಶಾಲೆಯಿಂದ ಬಂದು ಓದಿದಳು.
ತೀರ್ಪಾಗುವ ತನಕ
ಈ ಮನೆಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ.
ದಸ್ತಗಿರಿ ಸಾಬರ ಅಂಗಡಿಗೆ
ಟೈಲ್ಸು, ಸಿಮೆಂಟು, ಅಡುಗೆಕಟ್ಟೆಯ ಕಡಪಾ ಬಂಡೆ,
ತೊಂಬತ್ತಾರು ಸಾವಿರ ಬಾಕಿ.

ಕೊಟ್ಟಿದ್ದೆನಲ್ಲ!
ಚೀಟಿ ಎತ್ತಿ, ಓಬುಳೇಸು ಮೇಸ್ತ್ರಿಯ ಕೈಗೆ
ಮೂರು ಸಲ ಎಣಿಸಿ ಎಣಿಸಿ.
ಹಿಡಿದದ್ದು ಕಡೆಯ ಹನ್ನೆರಡು ಸಾವಿರ ಮಾತ್ರ.
ರಿಪೇರಿಯಾದ ಮಾಳಿಗೆ ಹಳೇ ಜಾಗದಲ್ಲೇ ಸೋರಿತ್ತು,
ಸರಿಯಾಗಿ ಮಿಷಿನ್ನಿನ ನೆತ್ತಿಗೆ.
"ನೀರು ನಿಂತ ದಿನ ದುಡ್ಡು" ಅಂದೆ.
"ದುಡ್ಡು ಬಂದ ದಿನ ನೀರು ನಿಲ್ತದೆ" ಅಂದ.
ಈಗ ಕಲ್ಯಾಣದುರ್ಗದಲ್ಲಿ
ಇನ್ಯಾರದೋ ಮಾಳಿಗೆ ಅಗೆಯುತ್ತಿದ್ದಾನಂತೆ.

ವಕೀಲ ಚೌಡಪ್ಪ ಕನ್ನಡಕ ಹಣೆಗೇರಿಸಿ ಕೇಳಿದರು:
"ಸರಕು ಎಲ್ಲೈತೆ? ನಿನ್ನ ನೆಲದಾಗೈತೆ.
ಲೋಡು ಇಳಿಸೋವಾಗ ಚೀಟಿ ಮೇಲೆ ಸೈನು ಯಾರದು?
ಕಂಡಲ್ಲಿ ಸೈನು ಹಾಕೋ ಕೈಗೆ
ಒಂದು ರಸೀದಿ ಕೇಳೋದು ಬರಲಿಲ್ಲೇನು?"
ಏಳುವಾಗ ಹೇಳಿದರು:
"ಇನ್ನು ಯಾರಿಗೂ ಬಿಡಿಗಾಸು ಬಿಚ್ಚಬೇಡ.
ಒಬ್ಬರಿಗೆ ಕೊಟ್ಟರೆ ಎಲ್ಲರದೂ ಒಪ್ಪಿಕೊಂಡ ಹಂಗೆ."
ಹಿಡಿದಿಟ್ಟ ಹನ್ನೆರಡು ಸಾವಿರ
ಅವರ ಮೇಜಿನ ಮೇಲೇ ಮುಗಿಯಿತು.

ರಾಯದುರ್ಗದ ಬಿಸಿಲಲ್ಲಿ ನಡೆದು ಬರುತ್ತಾ
ನನ್ನಷ್ಟಕ್ಕೆ ವಾದಿಸಿದೆ:
ನಾನು ಹೊಲಿದ ಪ್ಯಾಂಟು ತೊಟ್ಟು
ಯಾವೂರಲ್ಲೋ ಯಾವನೋ ತಿರುಗುತ್ತಾನೆ.
ಕಾರ್ಖಾನೆಯವ ನನ್ನ ಮಜೂರಿ ಮುರಿದರೆ
ತೊಟ್ಟವನ ಸೊಂಟ ಹಿಡಿದು ಕೇಳುತ್ತೇನೆಯೆ?

ಮೆಟ್ಟಿಲ ಮೇಲೆ ಸುಂಕಲಮ್ಮ ಕೂತಿದ್ದಳು,
ಜಲ್ಲಿ ಹೊತ್ತವಳು, ತಲೆಯ ಸಿಂಬಿ ಇನ್ನೂ ಕೈಯಲ್ಲಿ.
"ಅಕ್ಕಾ, ನಾ ಕೂಲಿ."
ಅವಳ ಮಾತಲ್ಲಿ ಅದು: ನನ್ನ ಕೂಲಿ.
ನನ್ನ ಮಾತಲ್ಲಿ: ನಾನು ಕೂಲಿ.
ಎರಡಕ್ಕೂ ತಲೆಯಾಡಿಸಿದೆ.

ನೋಟೀಸಿರಲಿಲ್ಲ ಅವಳ ಹತ್ತಿರ.
ಮೆಟ್ಟಿಲ ಕೆಳಗೆ, ಪೊರಕೆ ಇಡುವ ಮೂಲೆಗೆ ಕರೆದೊಯ್ದಳು.
ಗೋಡೆ ಮೇಲೆ ಇದ್ದಲಿನ ಗೀಟು. ಹನ್ನೊಂದು.
ಕಡೆಯದು ಮೊಂಡು:
ಅವತ್ತು ಜ್ವರ ಬಂದು ಮಧ್ಯಾಹ್ನವೇ ಮನೆಗೆ ಹೋಗಿದ್ದಳು.
ಅರ್ಧ ದಿನವನ್ನು ಅರ್ಧವೇ ಗೀಚಿದ್ದಳು,
ಯಾರೂ ನೋಡದ ಆ ಕತ್ತಲಲ್ಲಿ.

ಒಳಗೆ ಹೋದೆ.
ಡಬ್ಬಿಯಲ್ಲಿ ಎರಡು ಸಾವಿರದ ಎಂಟುನೂರಿತ್ತು.
ವಕೀಲರ ಮಾತು ನೆನಪಾಯಿತು,
ಆಗಲೇ ನೋಟು ಅವಳ ಸೆರಗಿನ ಗಂಟಿನಲ್ಲಿತ್ತು.
ಹೆಬ್ಬೆರಳಿಗೆ ಉಗುಳು ಹಚ್ಚಿ
ಏಳು ಗೀಟು ಉಜ್ಜಿದಳು, ಒಂದೊಂದಾಗಿ,
ನನಗೆ ಕಾಣುವಂತೆ ಪಕ್ಕಕ್ಕೆ ಸರಿದು.

ಮೊನ್ನೆ ಸುಣ್ಣದವನು ಬಂದಿದ್ದ.
ಆ ಮೂಲೆ ಬಿಡು ಅಂದೆ.
ಬಾಗಿಲ ಕಾಗದದ ಗಂಜಿ ಒಣಗಿ ತುದಿ ಎದ್ದಿದೆ,
ಇರುವೆ ಸಾಲು ಹಿಡಿದಿವೆ.
ಕೋರ್ಟಿನ ವಾಯಿದೆ ಹದಿನೇಳಕ್ಕೆ.
ಸುಂಕಲಮ್ಮ
ವಾಯಿದೆ ಹೇಳಿ ಹೋಗಿಲ್ಲ.