ಸುರಂಗದ ಬಾಯಲ್ಲಿ ಒಂದು ಕೈ

ಗುರುವಾರ ಸಂಜೆ ಏಳಕ್ಕೆ, ಕೆಮ್ನಿಟ್ಸ್‌ನಲ್ಲಿ,
ಮುಚ್ಚಿಹೋದ ಕಾಲುಚೀಲದ ಕಾರ್ಖಾನೆಯ ನೆಲಮಾಳಿಗೆಗೆ
ನಾವು ಏಳು ಜನ ಇಳಿಯುತ್ತೇವೆ.
ಕೋಟು ಕಳಚುವ ಮೊದಲೇ
ಒಬ್ಬೊಬ್ಬರೂ ಒಂದೊಂದು ಚಿತ್ರ ಮೇಜಿನ ಮೇಲಿಡಬೇಕು,
ಹಿಂಬದಿಯಲ್ಲಿ ಹೆಸರು ಬರೆಯದೆ.
ಐದು ನಿಮಿಷ ಬಾಯಿಗೆ ಬೀಗ.
ಆಮೇಲೆ ಬಿಯರು, ಆಮೇಲೆ ಜಗಳ.

ನಮ್ಮ ಲೋಕ ಸಣ್ಣದು, ನೂರಿಪ್ಪತ್ತರಲ್ಲಿ ಒಂದು ಪಾಲು.
ಎಂಜಿನ್ನು ಅಂಗೈಯುದ್ದ.
ಪ್ಲಾಟ್‌ಫಾರಮ್ಮಿನಲ್ಲಿ ಕಾಯುವ ಹಸಿರು ಕೋಟಿನ ಹೆಂಗಸು
ನನ್ನ ಕಿರುಬೆರಳ ಉಗುರಿಗಿಂತ ಚೂರು ಎತ್ತರ.
ಅವಳ ಕಾಲಡಿಯ ಅಂಟು ಒಣಗಿ ಇಪ್ಪತ್ತೊಂದು ವರ್ಷ;
ಇಷ್ಟು ರೈಲು ಬಂದರೂ ಅವಳದು ಬಂದಿಲ್ಲ.

ನಾನು ಹಲ್ಲಿನ ಸೆಟ್ಟು ಮಾಡುತ್ತಿದ್ದವನು, ಈಗ ನಿವೃತ್ತ.
ನಮ್ಮ ಬೆಟ್ಟಗಳೆಲ್ಲ ದವಡೆಯ ಅಚ್ಚಿಗೆಂದು ತರಿಸಿ ಉಳಿದ ಪ್ಲಾಸ್ಟರು;
ಒಂದು ಶಿಖರವಂತೂ, ಹತ್ತಿರ ಹೋದರೆ, ದವಡೆಹಲ್ಲೇ.
ಫೋಟೊ ತೆಗೆಯಲೂ ಅದೇ ಹಳೇ ಸಲಕರಣೆ,
ಉದ್ದ ಹಿಡಿಯ ಪುಟ್ಟ ಕನ್ನಡಿ.
ಹಳಿಯ ಪಕ್ಕ ಓರೆಯಾಗಿ ಹಿಡಿದು
ಕ್ಯಾಮೆರಾವನ್ನು ಕನ್ನಡಿಗೆ ತಿರುಗಿಸಿದರೆ
ಎಂಜಿನ್ನು ಮೈಮೇಲೆ ಬೀಳುವಂತೆ ಬರುತ್ತದೆ.
ಬಲ ಎಡವಾಗುತ್ತದೆ, ಮನೆಗೆ ಹೋಗಿ ಸರಿಮಾಡಬೇಕು.
ಉಸಿರು ಬಿಗಿಹಿಡಿಯಬೇಕು.
ಇಲ್ಲಿಯ ಒಂದು ಸೀನು ಅಲ್ಲಿಯ ಬಿರುಗಾಳಿ;
ಹಾಗೆ ಒಮ್ಮೆ ಐದು ಪೈನ್ ಮರ ಉರುಳಿದವು.

ಕಣ್ಣು ಕ್ಷಮಿಸಿದ್ದನ್ನು ಲೆನ್ಸು ಕ್ಷಮಿಸುವುದಿಲ್ಲ.
ಬೋಗಿಯ ಮೇಲಿನ ಧೂಳು ಹತ್ತಿಯ ಮೂಟೆಯಾಗುತ್ತದೆ,
ಯಾರದೋ ನರೆಗೂದಲು ಕಡಿದುಬಿದ್ದ ವಿದ್ಯುತ್ ತಂತಿ.

ಈ ಗುರುವಾರ
ಗುಂಡೂಲಾ ತಂದದ್ದು ಹಿಮ.
ಜರಡಿ ಹಿಡಿದ ಅಡುಗೆ ಸೋಡಾ, ಹಿಂದೊಂದು ನೀಲಿ ದೀಪ,
ಅಷ್ಟೇ; ನೋಡಿದರೆ ಮೂಗಿನ ತುದಿ ತಣ್ಣಗಾಗುತ್ತದೆ.
ಹದಿನೆಂಟು ಚಳಿಗಾಲ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕಳೆದವಳು,
ಹಿಮ ಎಲ್ಲಿ ಕೂರುತ್ತದೆ ಎಂದು ಅವಳಿಗೆ ಹೇಳಿಕೊಡಬೇಕಿಲ್ಲ.
ಪಾಯಿಂಟಿನ ಸಂದಿಯನ್ನು ಮಾತ್ರ
ಬಣ್ಣದ ಕುಂಚದಲ್ಲಿ ಗುಡಿಸಿಟ್ಟಿದ್ದಳು, ಅಭ್ಯಾಸಬಲ.
ಟೀಲೋನದು ಮೂವತ್ತೆರಡು ಚಿತ್ರ ಹೊಲಿದು ಮಾಡಿದ ಒಂದು.
ಬಫರಿನಿಂದ ಬೆಟ್ಟದ ತುದಿಯವರೆಗೆ ಎಲ್ಲ ಸ್ಪಷ್ಟ,
ಎಷ್ಟು ಸ್ಪಷ್ಟವೆಂದರೆ
ಯಾವುದನ್ನು ನೋಡಬೇಕೋ ತೋಚದು.

ನನ್ನದು ಕೆಟ್ಟುಹೋದ ಚಿತ್ರ.
ಗೂಡ್ಸು ಗಾಡಿ ಸುರಂಗದೊಳಗೆ ಹಳಿ ತಪ್ಪಿತ್ತು.
ನಾನು ಗುಂಡಿ ಒತ್ತಿದ ಗಳಿಗೆಗೇ
ಆ ಕತ್ತಲಿಂದ ಒಂದು ಕೈ ಬಂತು.
ಬೆಟ್ಟಕ್ಕಿಂತ ದೊಡ್ಡದು, ಕೊಂಚ ಮಸುಕು,
ಹೆಬ್ಬೆರಳ ಮೇಲೆ ಬೆಸುಗೆ ಸುಟ್ಟ ಕಲೆ,
ಕಲ್ಲಿದ್ದಲ ವ್ಯಾಗನ್ನನ್ನು ಎರಡೇ ಬೆರಳಲ್ಲಿ
ಗೂಡಿಂದ ಬಿದ್ದ ಮರಿಯಂತೆ ಎತ್ತಿಕೊಂಡು.
ಹಸಿರು ಕೋಟಿನವಳು ಅತ್ತ ತಿರುಗಿಯೂ ಇಲ್ಲ.

"ಕೈ ಕತ್ತರಿಸಿಬಿಡು, ಚಿತ್ರ ಉಳಿಯುತ್ತದೆ," ಅಂದ ಟೀಲೋ,
ಐದು ನಿಮಿಷ ಮುಗಿದದ್ದೇ ತಡ.
"ಮುಟ್ಟಬೇಡ," ಅಂದಳು ಗುಂಡೂಲಾ,
ತನ್ನ ಹಿಮವನ್ನು ಪಕ್ಕಕ್ಕೆ ಸರಿಸಿ.

ಎಕೆಹಾರ್ಟ್ ಮಾತಾಡಲಿಲ್ಲ.
ಇಷ್ಟು ವರ್ಷ ಮೇಜಿನಡಿ ತಂತಿಗಳ ನಡುವೆ
ಅಂಗಾತ ಮಲಗಿಯೇ ಕಳೆದವನು,
ಗೋಡೆಯ ಮೇಲಿನ ಯಾವ ಪಟದಲ್ಲೂ ಇಲ್ಲದವನು.
ಕನ್ನಡಕ ಹಣೆಗೇರಿಸಿ, ಚಿತ್ರವನ್ನು ದೀಪದ ಹತ್ತಿರ ಹಿಡಿದು
ಪಕ್ಕದಲ್ಲಿ ತನ್ನ ಬಲಗೈ ಇಟ್ಟ. ತಾಳೆಯಾಗಲಿಲ್ಲ.
ಎಡಗೈ ಇಟ್ಟ. ಅದರಲ್ಲಿ ಕಲೆ ಇರಲಿಲ್ಲ.
ನಾನು ತಿರುಗಿಸಲು ಮರೆತಿದ್ದೆ.
"ಉಗುರು ತೆಗೆದುಕೊಳ್ಳಬೇಕಿತ್ತು," ಅಂದ ಕೊನೆಗೆ.

ಸ್ವಲ್ಪ ಹೊತ್ತಾದ ಮೇಲೆ, ಬಿಯರಿನ ಮುಚ್ಚಳ ಮೀಟುತ್ತ,
"ಇದನ್ನು ಒಯ್ಯಲಾ? ರೋಸ್‌ವಿತಾಗೆ ತೋರಿಸಬೇಕು.
ಗುರುವಾರ ನಾನು ಎಲ್ಲಿರುತ್ತೇನೆಂದು
ಅವಳಿಗೆ ಇವತ್ತಿಗೂ ಅನುಮಾನ."

ನಕ್ಕೆವು. ಚಿತ್ರ ಅವನ ಒಳಜೇಬು ಸೇರಿತು.
ಅಚ್ಚು ಹಾಕಿಸಿದ್ದು ಅದೊಂದೇ ಪ್ರತಿ; ನಾನು ಹೇಳಲಿಲ್ಲ.
ಮೇಜಿನ ಕೆಳಗೆಲ್ಲೋ ಚಟ್ ಎಂದು ಕಿಡಿ ಹಾರಿದ ಸದ್ದು.
ಬಾಟಲಿ ಇನ್ನೂ ಅರ್ಧವಿತ್ತು,
ಅವನಾಗಲೇ ಬಗ್ಗಿದ್ದ.